ಒಂದೇ ಬೋರ್ಡಿನ ಮುಂದೆ ರಬ್ಬಿ ಮತ್ತು ಇಮಾಮ್

ಓದುಗರ ಪ್ರಶ್ನೆ, ಟೀಚರ್ ಉತ್ತರ

ಕಳೆದ ತಿಂಗಳ ಅಂಕಣದಲ್ಲಿ, ಬರ್ಲಿನ್‌ನ ಶಾಲೆಗಳಿಗೆ ಯಹೂದಿ ಧರ್ಮಗುರು ರಬ್ಬಿ ಮತ್ತು ಮುಸ್ಲಿಂ ಧರ್ಮಗುರು ಇಮಾಮ್ ಜೊತೆಯಾಗಿ ಬಂದು ಮಕ್ಕಳೊಡನೆ ಮಾತಾಡುವ ಸಂಗತಿಯನ್ನು ನಾಲ್ಕೇ ಸಾಲಿನಲ್ಲಿ ಬರೆದಿದ್ದೆ. ಅಷ್ಟಕ್ಕೆ ಇಷ್ಟು ಪತ್ರ ಬರುತ್ತವೆಂದು ಎಣಿಸಿರಲಿಲ್ಲ. ಸಂಪಾದಕರನ್ನು ಕೇಳಿಕೊಂಡು ಈ ಸಲದ ಪುಟವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಹೊಸ ಓದುಗರಿಗಾಗಿ ಒಂದು ಮಾತು: ನಾನು ಬರ್ಲಿನ್‌ನ ನಾಯ್‌ಕೋಲ್ನ್ ಬಡಾವಣೆಯ ಸರ್ಕಾರಿ ಶಾಲೆಯೊಂದರಲ್ಲಿ 17 ವರ್ಷ ಇಂಗ್ಲಿಷ್ ಮತ್ತು ಎಥಿಕ್, ಅಂದರೆ ನೀತಿಶಾಸ್ತ್ರದ ಪಾಠ ಮಾಡಿ, 2021ರಲ್ಲಿ ಮೈಸೂರಿಗೆ ಮರಳಿದವಳು. ತುರ್ಕಿ, ಅರಬ್, ಬೋಸ್ನಿಯಾ ಮೂಲದ ಮನೆಗಳ ಮಕ್ಕಳೇ ನನ್ನ ತರಗತಿಗಳಲ್ಲಿ ಹೆಚ್ಚು.

ಪ್ರಶ್ನೆ: ಮೇಡಂ, ರಬ್ಬಿ ಮತ್ತು ಇಮಾಮ್ ಒಟ್ಟಿಗೆ ಕ್ಲಾಸಿಗೆ ಬಂದು ಏನು ಮಾಡುತ್ತಾರೆ? ಕೈ ಕುಲುಕಿ ಫೋಟೊ ತೆಗೆಸಿಕೊಂಡು ಹೋಗುತ್ತಾರೋ, ನಿಜಕ್ಕೂ ಪಾಠ ನಡೆಯುತ್ತದೋ?
- ಪ್ರೌಢಶಾಲಾ ಶಿಕ್ಷಕ, ತೀರ್ಥಹಳ್ಳಿ

ಮೇಷ್ಟ್ರೇ, ನೀವು ತರಗತಿ ಬಲ್ಲವರು, ಅಲ್ಲಿಂದಲೇ ಶುರು ಮಾಡುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಂಟನೇ ತರಗತಿಯ ಹುಡುಗನೊಬ್ಬ, ಪಕ್ಕದವನು ರಬ್ಬರ್ ಕೊಡಲಿಲ್ಲವೆಂದು ‘ಡು ಯೂಡೆ’ ಎಂದು ಕೂಗಿದ. ‘ನೀನೊಬ್ಬ ಯಹೂದಿ’ ಎಂದರ್ಥ. ಜರ್ಮನಿಯ ಶಾಲೆಗಳ ಅಂಗಳದಲ್ಲಿ ಅದು ಬೈಗುಳ. ಕೂಗಿದವನ ಮನೆಯವರು ಲೆಬನಾನಿನಿಂದ ಬಂದವರು. ಬೈಸಿಕೊಂಡವನು ತುರ್ಕಿ ಮನೆಯ ಹುಡುಗ. ಇಡೀ ತರಗತಿಯಲ್ಲಿ ಯಹೂದಿ ಮಗು ಒಂದೂ ಇರಲಿಲ್ಲ. ನಾನು ಅವನನ್ನು ಆಚೆ ನಿಲ್ಲಿಸಿದೆ. ಗಂಟೆ ಹೊಡೆದ ಮೇಲೆ ‘ಹಾಗೆಲ್ಲ ಅನ್ನಬಾರದು’ ಎಂದೆ. ‘ಸರಿ’ ಎಂದ. ಮರುವಾರ ಆಟದ ಮೈದಾನದಲ್ಲಿ ಮತ್ತೆ ಅದೇ ಮಾತು ಬಂತೆಂದು ಇನ್ನೊಂದು ಮಗು ಬಂದು ಹೇಳಿತು. ನಾನು ಅವನ ಬಾಯಿ ಮುಚ್ಚಿಸಿದ್ದೆ, ಅಷ್ಟೆ. ಆ ಮಾತು ಅವನ ಬಾಯಿಗೆ ಎಲ್ಲಿಂದ ಬಂತು ಎಂದು ಕೇಳಿರಲೇ ಇಲ್ಲ. ಆ ತಪ್ಪು ಬಹಳ ವರ್ಷ ನನ್ನನ್ನು ಕಾಡಿತು.

ಬರ್ಲಿನ್‌ನಲ್ಲಿ 2006ರಿಂದ ಏಳನೇ ತರಗತಿಯಿಂದ ಹತ್ತನೆಯವರೆಗೆ ಎಲ್ಲ ಮಕ್ಕಳಿಗೂ ಎಥಿಕ್ ಎಂಬ ವಿಷಯ ಕಡ್ಡಾಯ. ಧರ್ಮಪಾಠ ಬೇಕಾದವರಿಗೆ ಬೇರೆ ಇದೆ, ಅದು ಐಚ್ಛಿಕ. ಎಥಿಕ್ ಪೀರಿಯಡ್‌ನಲ್ಲಿ ಮಾತ್ರ ಎಲ್ಲ ಮನೆಯ ಮಕ್ಕಳೂ ಒಂದೇ ಕೋಣೆಯಲ್ಲಿ ಕೂರುತ್ತಾರೆ. ರಬ್ಬಿ, ಇಮಾಮ್ ನಮ್ಮಲ್ಲಿಗೆ ಬಂದದ್ದು ಆ ಪೀರಿಯಡ್‌ಗೆ.

ಈ ಕೆಲಸ ಹುಟ್ಟಿದ್ದು ಒಂದು ಪೆಟ್ಟಿನಿಂದ. 2012ರ ಆಗಸ್ಟ್‌ನಲ್ಲಿ ಬರ್ಲಿನ್‌ನ ಫ್ರೀಡೆನಾವ್‌ನಲ್ಲಿ ರಬ್ಬಿ ಡೇನಿಯಲ್ ಆಲ್ಟರ್ ತಮ್ಮ ಪುಟ್ಟ ಮಗಳ ಜೊತೆ ಹೋಗುತ್ತಿದ್ದರು. ಹುಡುಗರ ಗುಂಪೊಂದು ಅಡ್ಡಗಟ್ಟಿ, ‘ನೀನು ಯಹೂದಿಯಾ?’ ಎಂದು ಕೇಳಿ ಹೊಡೆಯಿತು. ಕೆನ್ನೆಯ ಮೂಳೆ ಮುರಿಯಿತು. ಮಗಳಿಗೂ ಬೆದರಿಕೆ ಹಾಕಿದರು. ಹೊಡೆದವರು ಅರಬ್ ಮೂಲದ ಹುಡುಗರಂತಿದ್ದರು ಎಂದು ಆಗ ವರದಿಯಾಯಿತು. ಎರಡನೇ ಮಹಾಯುದ್ಧದ ನಂತರ ಜರ್ಮನಿಯಲ್ಲೇ ರಬ್ಬಿ ದೀಕ್ಷೆ ಪಡೆದ ಮೊದಲ ಮೂವರಲ್ಲಿ ಆಲ್ಟರ್ ಒಬ್ಬರು. ಅದು ನಡೆದದ್ದು 2006ರಲ್ಲಿ, ಡ್ರೆಸ್ಡೆನ್‌ನಲ್ಲಿ. ಅಂಥವರು ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ. ಮರುವರ್ಷವೇ ಅವರು ಇಮಾಮ್ ಫೆರಿದ್ ಹೈದರ್ ಜೊತೆಗೂಡಿ ತರಗತಿಗಳಿಗೆ ಹೋಗತೊಡಗಿದರು. ‘ಮೀಟ್ ಟು ರೆಸ್ಪೆಕ್ಟ್’ ಎಂಬ ಕಾರ್ಯಕ್ರಮ ಹೀಗೆ ಬೆಳೆಯಿತು. ಆಮೇಲೆ ರಬ್ಬಿ ಎಲಿಯಾಸ್ ಡ್ರೇ, ಇಮಾಮ್ ಎಂದರ್ ಚೆತಿನ್ ಮುಂತಾದ ಜೋಡಿಗಳು ಊರಿನ ಶಾಲೆಗಳನ್ನು ಸುತ್ತಿದವು. 2018ರಲ್ಲಿ ರಬ್ಬಿಗಳೂ ಇಮಾಮರೂ ಇಬ್ಬಿಬ್ಬರು ತುಳಿಯುವ ಜೋಡಿ ಸೈಕಲ್ ಏರಿ ಬರ್ಲಿನ್ ಬೀದಿಗಳಲ್ಲಿ ಸಾಗಿದ ಚಿತ್ರ ನೀವು ನೋಡಿರಬಹುದು. ಆದರೆ ನನ್ನ ಮಟ್ಟಿಗೆ ಮುಖ್ಯವಾದದ್ದು ತರಗತಿಯೊಳಗಿನ ಎರಡು ಪೀರಿಯಡ್.

ನನ್ನ ತರಗತಿಗೆ ಬಂದ ಇಬ್ಬರ ಹೆಸರು ಬರೆಯುವುದಿಲ್ಲ, ಅವರನ್ನು ಕೇಳಿಲ್ಲ. ಇಬ್ಬರಿಗೂ ಗಡ್ಡ, ಇಬ್ಬರೂ ಕಪ್ಪು ಕೋಟು. ರಬ್ಬಿ ಟೋಪಿಯನ್ನು ಕೈಯಲ್ಲಿ ಹಿಡಿದು ಬಾಗಿಲ ಹೊರಗೇ ನಿಂತಿದ್ದರು. ಇಬ್ಬರೂ ಒಳಗೆ ಬಂದು, ‘ನಮ್ಮಲ್ಲಿ ಯಾರು ಯಾರು, ನೀವೇ ಹೇಳಿ’ ಎಂದರು. ಅರ್ಧ ತರಗತಿ ತಪ್ಪು ಹೇಳಿತು. ಮಕ್ಕಳು ಜೋರಾಗಿ ನಕ್ಕರು, ಆ ನಗುವಿನಲ್ಲಿ ಕೋಣೆ ಸ್ವಲ್ಪ ಸಡಿಲವಾಯಿತು.

ಮೊದಲೇ ಚೀಟಿ ಹಂಚಿದ್ದೆ. ಏನು ಬೇಕಾದರೂ ಬರೆಯಬಹುದು, ಹೆಸರು ಹಾಕಬೇಕಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ 26 ಚೀಟಿ. ಮೊದಲು ತೆರೆದದ್ದು: ‘ನೀವು ನಿಜವಾಗಿ ಸ್ನೇಹಿತರಾ, ಇಲ್ಲ ಯಾರಾದರೂ ದುಡ್ಡು ಕೊಟ್ಟಿದ್ದಾರಾ?’ ಇನ್ನೊಂದು: ‘ಯಹೂದಿಗಳೆಲ್ಲ ಶ್ರೀಮಂತರಾ?’ ಮತ್ತೊಂದು: ‘ತಲೆಗೆ ಬಟ್ಟೆ ಕಟ್ಟುವ ಹುಡುಗಿಯರಿಗೆಲ್ಲ ಅಪ್ಪಂದಿರ ಬಲವಂತವಾ?’ ಉದ್ದದ ಚೀಟಿ ಒಂದಿತ್ತು: ‘ಯಹೂದಿಗಳನ್ನು ದ್ವೇಷಿಸಬೇಕು ಅಂತ ಕುರ್‌ಆನಿನಲ್ಲಿ ಇದೆ ಅಂತ ನನ್ನ ಅಣ್ಣ ಹೇಳುತ್ತಾನೆ. ನಿಜವಾ?’

ಆಮೇಲೆ ನಡೆದದ್ದನ್ನು ಹೇಳುವುದಕ್ಕೇ ಈ ಉತ್ತರ ಇಷ್ಟು ಉದ್ದವಾಯಿತು. ಶ್ರೀಮಂತರಾ ಎಂಬ ಪ್ರಶ್ನೆಗೆ ರಬ್ಬಿ ಬಾಯಿ ಬಿಡಲಿಲ್ಲ. ಉತ್ತರ ಹೇಳಿದ್ದು ಇಮಾಮ್. ತಮ್ಮ ಚಿಕ್ಕಪ್ಪನೂ ಹಾಗೇ ಹೇಳುತ್ತಿದ್ದರು, ಆದರೆ ಆ ಚಿಕ್ಕಪ್ಪ ಬದುಕಿನಲ್ಲಿ ಒಬ್ಬ ಯಹೂದಿಯನ್ನೂ ಕಂಡವರಲ್ಲ ಎಂದರು. ತಲೆಬಟ್ಟೆಯ ಪ್ರಶ್ನೆ ಬಂದಾಗ ಇಮಾಮ್ ಸುಮ್ಮನಾದರು. ರಬ್ಬಿ ಎದ್ದು, ಸಂಪ್ರದಾಯಸ್ಥ ಯಹೂದಿ ಮನೆಗಳಲ್ಲೂ ಮದುವೆಯಾದ ಹೆಂಗಸರು ಕೂದಲು ಮುಚ್ಚುತ್ತಾರೆ, ನನ್ನ ಹೆಂಡತಿಯೂ ಮುಚ್ಚುತ್ತಾಳೆ, ಯಾಕೆಂದು ಅವಳನ್ನೇ ಕೇಳಿದರೆ ಹೇಳುತ್ತಾಳೆ, ಹಾಗೆಯೇ ನಿಮ್ಮ ಪಕ್ಕ ಕೂತವಳನ್ನು ಕೇಳಿ ಎಂದರು. ಹಿಂದಿನ ಬೆಂಚಿನ ಹುಡುಗಿ ತಲೆಬಟ್ಟೆ ಸರಿಪಡಿಸಿಕೊಂಡು ನೆಟ್ಟಗೆ ಕೂತಳು. ತನ್ನವರ ಬಗ್ಗೆ ತಾನೇ ವಕಾಲತ್ತು ಮಾಡಿದರೆ ಮಕ್ಕಳು ನಂಬುವುದಿಲ್ಲ. ಇನ್ನೊಬ್ಬರ ಮೇಲಿನ ಸುಳ್ಳಿಗೆ ಇವರು, ಇವರ ಮೇಲಿನ ಸುಳ್ಳಿಗೆ ಅವರು ಅಡ್ಡ ನಿಂತಾಗ ಕಿವಿಗೊಡುತ್ತಾರೆ. 17 ವರ್ಷದಲ್ಲಿ ನಾನು ಕಲಿತದ್ದರಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಅಣ್ಣನ ಚೀಟಿಗೆ ಇಮಾಮ್ ನುಣುಚಿಕೊಳ್ಳಲಿಲ್ಲ. ಕಠಿಣ ವಚನಗಳಿವೆ, ಅವು ಮದೀನಾದ ಯುದ್ಧಕಾಲದವು, ಹಿಂದುಮುಂದು ಬಿಟ್ಟು ಓದಬಾರದು ಎಂದರು. ಆಮೇಲೆ ಐದನೇ ಅಧ್ಯಾಯದ 32ನೇ ವಚನ ತೆಗೆದು ಓದಿದರು: ಒಂದು ಜೀವ ಉಳಿಸಿದವನು ಇಡೀ ಮನುಕುಲವನ್ನೇ ಉಳಿಸಿದಂತೆ. ‘ಇದನ್ನು ಮೊದಲು ಯಾರಿಗೆ ವಿಧಿಸಿದ್ದು ಅಂತ ಅಲ್ಲೇ ಇದೆ, ಓದು’ ಎಂದು ಒಬ್ಬ ಹುಡುಗನ ಕೈಗೆ ಪುಸ್ತಕ ಕೊಟ್ಟರು. ಅವನು ಓದಿದ: ಇಸ್ರಾಯೀಲ್ ಸಂತತಿಗೆ. ರಬ್ಬಿ ತಮ್ಮ ಚೀಲದಿಂದ ಮಿಶ್ನಾ ತೆಗೆದರು. ಕ್ರಿಸ್ತಶಕ 200ರ ಸುಮಾರಿಗೆ ಸಂಕಲನಗೊಂಡ ಯಹೂದಿ ಧರ್ಮಶಾಸ್ತ್ರ ಅದು. ಅದರ ಸನ್‌ಹೆಡ್ರಿನ್ ಭಾಗದಲ್ಲಿ ಅದೇ ಮಾತು.

ಕೊನೆಗೆ ಬೋರ್ಡಿನ ಮೇಲೆ ಎರಡು ಸಾಲು ಎಳೆದರು. ಅರೇಬಿಕ್ ಒಂದು ಕಡೆ, ಹೀಬ್ರೂ ಇನ್ನೊಂದು ಕಡೆ. ಸಲಾಂ, ಶಾಲೋಮ್. ಸೂರ್ಯ: ಶಮ್ಸ್, ಶೆಮೆಶ್. ತಲೆ: ರಾಸ್, ರೋಶ್. ನಾಲಿಗೆ: ಲಿಸಾನ್, ಲಾಶೋನ್. ಐದು: ಖಂಸಾ, ಹಮೇಶ್. ಮಕ್ಕಳು ತಮ್ಮ ಮನೆಮಾತಿನ ಪದ ಕೂಗುವುದು, ರಬ್ಬಿ ಅದರ ಜೋಡಿ ಬರೆಯುವುದು. ನನಗೆ ತಡೆಯಲಾಗಲಿಲ್ಲ, ನಾನೂ ಸೀಮೆಸುಣ್ಣ ಹಿಡಿದೆ. ತಮಿಳಿನ ಪಾಲ್ ನಮ್ಮ ಹಾಲು, ಅವರ ಪುಲಿ ನಮ್ಮ ಹುಲಿ, ಅವರ ಪೂ ನಮ್ಮ ಹೂ. ಹಳಗನ್ನಡದಲ್ಲಿ ನಮ್ಮದೂ ಪಕಾರವೇ ಇತ್ತು. ಕನ್ನಡದಲ್ಲಿ ಪ ಹೋಗಿ ಹ ಆದ ಹಾಗೆ, ಅರೇಬಿಕ್ಕಿನಲ್ಲಿ ಸ ಇದ್ದ ಕಡೆ ಹೀಬ್ರೂವಿನಲ್ಲಿ ಶ. ಒಬ್ಬ ಹುಡುಗ, ‘ಹಾಗಾದರೆ ಕನ್ನಡ ತಮಿಳಿನವರು ಜಗಳ ಆಡುತ್ತೀರಾ?’ ಎಂದು ಕೇಳಿದ. ನೀರಿಗಾಗಿ ಆಡಿದ್ದೇವೆ ಎಂದು ನಿಜ ಹೇಳಿದೆ.

ಒಂದೇ ಭೇಟಿಯಿಂದ ಎಲ್ಲ ಬದಲಾಯಿತೆಂದು ಹೇಳಲಾರೆ, ಮೇಷ್ಟ್ರೇ. ಆದರೆ ‘ಯೂಡೆ’ ಎಂದು ಯಾರಾದರೂ ಕೂಗಿದಾಗ ‘ಏನಂದೆ? ಯಾಕೆ ಹಾಗಂದೆ?’ ಎಂದು ಕೇಳುವ ಮಕ್ಕಳು ಆ ತರಗತಿಯಲ್ಲಿ ನಾಲ್ಕೈದು ಜನ ಹುಟ್ಟಿಕೊಂಡರು. ಅಲ್ಲಿಯವರೆಗೆ ಕೇಳುತ್ತಿದ್ದವಳು ನಾನೊಬ್ಬಳೇ.

ಪ್ರಶ್ನೆ: ಗಾಜಾದಲ್ಲಿ ಅಷ್ಟು ಜನ ಸತ್ತಿರುವಾಗ ಇಂಥ ಪಾಠಗಳಿಗೆ ಏನು ಬೆಲೆ? ನೋವು ತಿಂದವರಿಗೆ ‘ಸೌಹಾರ್ದ’ದ ಮಾತು ಹೇಳುವುದು ಗಾಯಕ್ಕೆ ಉಪ್ಪು ಸವರಿದಂತೆ ಅಲ್ಲವೇ?
- ಓದುಗ, ಬೆಂಗಳೂರು

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಮಂದಿ ಸತ್ತರು, 250ರಷ್ಟು ಜನರನ್ನು ಒತ್ತೆಯಾಳಾಗಿ ಹೊತ್ತೊಯ್ದರು. ಆಮೇಲಿನ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತರು, ಅವರಲ್ಲಿ ಮಕ್ಕಳೆಷ್ಟೋ. ನಾಯ್‌ಕೋಲ್ನ್‌ನ ಮಕ್ಕಳಲ್ಲಿ ಹಲವರಿಗೆ ಅದು ಟಿವಿ ಸುದ್ದಿಯಲ್ಲ, ಚಿಕ್ಕಮ್ಮನ ಮನೆ. ಅದೇ ಅಕ್ಟೋಬರ್ 18ರ ನಸುಕಿನಲ್ಲಿ ಬರ್ಲಿನ್‌ನ ಮಿಟ್ಟೆಯಲ್ಲಿರುವ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಒಂದರ ಕಡೆಗೆ ಪೆಟ್ರೋಲ್ ಬಾಂಬ್ ಎಸೆದರು. ಆ ಆವರಣದಲ್ಲಿ ಪುಟ್ಟ ಮಕ್ಕಳ ಶಾಲೆಯೂ ಇದೆ. ಗಾಜಾಕ್ಕೂ ಆ ಮಕ್ಕಳಿಗೂ ಏನು ಸಂಬಂಧ?

ಆ ದಿನಗಳಲ್ಲಿ ಬರ್ಲಿನ್‌ನ ಶಿಕ್ಷಣ ಇಲಾಖೆ, ಪ್ಯಾಲೆಸ್ತೀನಿ ಕೆಫಿಯೆ ವಸ್ತ್ರವನ್ನು ಶಾಲೆಗಳು ಬೇಕಿದ್ದರೆ ನಿಷೇಧಿಸಬಹುದು ಎಂದು ಪತ್ರ ಕಳಿಸಿತು. ಇದನ್ನು ನಾನು ಒಪ್ಪುವುದಿಲ್ಲ. ಎಂಟನೇ ತರಗತಿಯ ಆ ಹುಡುಗನ ಬಾಯಿ ಮುಚ್ಚಿಸಿ ನಾನು ಮಾಡಿದ ತಪ್ಪೇ ಅಲ್ಲೂ ಆಯಿತು. ಹಳೆಯ ಸಹೋದ್ಯೋಗಿ ಫೋನಿನಲ್ಲಿ ಹೇಳಿದಳು: ಆ ವಾರ ಮಕ್ಕಳು ಅವಳ ಹತ್ತಿರ ಮಾತೇ ಆಡಲಿಲ್ಲವಂತೆ. ಕೇಳುವವರು ಯಾರೂ ಇಲ್ಲದ ಕಡೆ ಮಕ್ಕಳು ಫೋನಿನೊಳಗಿನ ಯಾವುದೋ ಗಂಟಲಿಗೆ ಕಿವಿಗೊಡುತ್ತಾರೆ.

ರಬ್ಬಿ, ಇಮಾಮ್ ಬಂದು ಗಡಿ ಎಲ್ಲಿ ಹಾಕಬೇಕೆಂದು ತೀರ್ಮಾನ ಹೇಳುವುದಿಲ್ಲ. ಆ ಇಬ್ಬರ ನಡುವೆಯೇ ಇಸ್ರೇಲ್ ಬಗ್ಗೆ ಒಮ್ಮತ ಇರಲಿಲ್ಲ. ಅದನ್ನು ಮಕ್ಕಳ ಮುಂದೆಯೇ ಹೇಳಿದರು, ಹೇಳಿ ಒಂದೇ ಮೇಜಿನಲ್ಲಿ ಕಾಫಿ ಕುಡಿದರು. ಒಂದು ಸರ್ಕಾರವನ್ನು ಟೀಕಿಸುವುದು ಬೇರೆ, ಬರ್ಲಿನ್‌ನ ಬಸ್ಸಿನಲ್ಲಿ ಕೂತ ಯಹೂದಿಯನ್ನು ಅದಕ್ಕೆ ಹೊಣೆ ಮಾಡುವುದು ಬೇರೆ. ಹಮಾಸನ್ನು ಖಂಡಿಸುವುದು ಬೇರೆ, ತಲೆಬಟ್ಟೆ ಕಟ್ಟಿದ ಹುಡುಗಿಗೆ ‘ಭಯೋತ್ಪಾದಕಿ’ ಎನ್ನುವುದು ಬೇರೆ. ಈ ಗೆರೆ ಎಳೆಯುವುದನ್ನು ಮಕ್ಕಳಿಗೆ ಕಲಿಸಬೇಕಾದದ್ದು ಯುದ್ಧ ನಡೆಯುವಾಗಲೇ.

ನೋವು ತಿಂದವರ ಮಾತು ತೆಗೆದಿರಿ. ಜೆರುಸಲೇಮಿನ ರಾಮಿ ಎಲ್ಹಾನನ್ ಅವರ ಮಗಳು ಸ್ಮಾದರ್ 1997ರ ಸೆಪ್ಟೆಂಬರ್‌ನಲ್ಲಿ ಪ್ಯಾಲೆಸ್ತೀನಿ ಆತ್ಮಾಹುತಿ ಬಾಂಬಿಗೆ ಬಲಿಯಾದಳು. ಆಗ ಅವಳಿಗೆ 14 ತುಂಬುವುದರಲ್ಲಿತ್ತು. ಬಸ್ಸಾಂ ಅರಾಮಿನ್ ಅವರ ಹತ್ತು ವರ್ಷದ ಮಗಳು ಅಬೀರ್ 2007ರ ಜನವರಿಯಲ್ಲಿ ಶಾಲೆಯ ಹತ್ತಿರವೇ ಇಸ್ರೇಲಿ ಗಡಿ ಪೊಲೀಸರ ರಬ್ಬರ್ ಗುಂಡಿಗೆ ಬಲಿಯಾದಳು. ಒಬ್ಬರು ಯಹೂದಿ, ಒಬ್ಬರು ಮುಸ್ಲಿಂ. ಮಕ್ಕಳನ್ನು ಕಳೆದುಕೊಂಡ ಎರಡೂ ಕಡೆಯವರ ‘ಪೇರೆಂಟ್ಸ್ ಸರ್ಕಲ್’ ಎಂಬ ಸಂಘ 1995ರಿಂದ ಇದೆ. ಇವರಿಬ್ಬರೂ ಅದರ ಪರವಾಗಿ ಹದಿಹರೆಯದ ಮಕ್ಕಳ ಮುಂದೆ ಜೊತೆಯಾಗಿ ನಿಂತು ತಮ್ಮ ತಮ್ಮ ಮಗಳ ಕತೆ ಹೇಳುತ್ತ ಬಂದಿದ್ದಾರೆ. ಗಾಯ ಇರುವುದು ಅವರಿಗೆ. ಇಂಥ ಮಾತು ಆಡಬೇಕೋ ಬೇಡವೋ ಎಂಬುದಕ್ಕೆ ನಾನು ಅವರ ಮುಖ ನೋಡುತ್ತೇನೆ.

ಪ್ರಶ್ನೆ: ನಾವು ಬರ್ಲಿನ್‌ಗೆ ಬಂದು ಮೂರು ವರ್ಷ. ನನ್ನ 11 ವರ್ಷದ ಮಗ ಮೊನ್ನೆ ತಂಗಿಗೆ ‘ಯೂಡೆ’ ಎಂದು ಬೈದ. ಗಾಬರಿಯಾಗಿ ಎರಡೇಟು ಕೊಟ್ಟೆ. ಈಗ ನನ್ನ ಮುಖ ನೋಡುತ್ತಿಲ್ಲ. ಏನು ಮಾಡಲಿ ಅಕ್ಕಾ?
- ಒಬ್ಬ ತಾಯಿ, ಬರ್ಲಿನ್

ತಂಗೀ, ಮೊದಲು ಹೊಡೆದದ್ದಕ್ಕೆ ಅವನ ಕ್ಷಮೆ ಕೇಳು. ಆಮೇಲೆ ಆ ಮಾತು ಎಲ್ಲಿ ಕೇಳಿದ, ಯಾರು ಯಾರಿಗೆ ಅಂದರು, ಅವನು ಅದಕ್ಕೆ ಏನರ್ಥ ಅಂದುಕೊಂಡಿದ್ದಾನೆ ಎಂದು ಕೇಳು. ‘ಜಿಪುಣ’ ಅಂತಲೋ ‘ಮೋಸಗಾರ’ ಅಂತಲೋ ಹೇಳಬಹುದು. ಏನೂ ಅರ್ಥವಿಲ್ಲ, ಎಲ್ಲರೂ ಅನ್ನುತ್ತಾರೆ ಅನ್ನಲೂಬಹುದು. ಸುಮ್ಮನೆ ಕೇಳಿಸಿಕೋ.

ಆಮೇಲೆ ಹೇಳು: 1941ರ ಸೆಪ್ಟೆಂಬರ್‌ನಿಂದ ಇದೇ ಊರಿನಲ್ಲಿ ಆರು ವರ್ಷ ದಾಟಿದ ಪ್ರತಿ ಯಹೂದಿಯೂ ಎದೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕಿತ್ತು. ಅದರ ಮೇಲೆ ಬರೆದದ್ದು ಇದೇ ಪದ, ‘ಯೂಡೆ’. ಅವನ ತಂಗಿಗೆ ಆರು ತುಂಬಿದ್ದರೆ ಅವಳಿಗೂ ಎಂದು ಹೇಳು. 1933ರಲ್ಲಿ ಬರ್ಲಿನ್‌ನಲ್ಲಿ ಸುಮಾರು 1,60,000 ಯಹೂದಿಗಳಿದ್ದರು. ಓಡಿಹೋದವರು ಹೋದರು, ಉಳಿದವರಲ್ಲಿ ಹೆಚ್ಚಿನವರನ್ನು ರೈಲಿಗೆ ತುಂಬಿ ಕೊಲ್ಲಲು ಕಳಿಸಿದರು.

ನಿಮ್ಮ ಬೀದಿಯಲ್ಲಿ ಹಿತ್ತಾಳೆ ಮುಖದ ಪುಟ್ಟ ಕಲ್ಲುಗಳಿರುತ್ತವೆ, ಅಂಗೈ ಅಗಲದವು, ಕಾಲುದಾರಿಯಲ್ಲಿ ಹುಗಿದಿರುತ್ತಾರೆ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ ಶುರು ಮಾಡಿದ ಕೆಲಸ ಅದು, ಯುರೋಪಿನಾದ್ಯಂತ ಈಗ 1,00,000ಕ್ಕೂ ಹೆಚ್ಚು ಕಲ್ಲುಗಳಿವೆ. ‘ಇಲ್ಲಿ ವಾಸವಿದ್ದರು’ ಎಂದು ಶುರುವಾಗಿ ಹೆಸರು, ಹುಟ್ಟಿದ ವರ್ಷ, ಎಲ್ಲಿಗೆ ಸಾಗಿಸಿದರು, ಎಲ್ಲಿ ಕೊಂದರು ಎಂದಿರುತ್ತದೆ. ನವೆಂಬರ್ 9ಕ್ಕೆ ಜನ ಅವನ್ನು ಉಜ್ಜಿ ಮೇಣದಬತ್ತಿ ಹಚ್ಚುತ್ತಾರೆ. 1938ರಲ್ಲಿ ಸಿನಗಾಗ್‌ಗಳಿಗೆ ಬೆಂಕಿ ಹಾಕಿದ ರಾತ್ರಿ ಅದು. ನಾನೊಂದು ವರ್ಷ ನನ್ನ ಮಕ್ಕಳನ್ನು ಕರೆದುಕೊಂಡು ಹೋದೆ. ಅಂಗಡಿಯ ಪಾಲಿಶ್ ಸಾಲದೆ ಬಂದಾಗ ಮನೆಯಿಂದ ಹುಣಸೆಹಣ್ಣು, ಉಪ್ಪು ತಂದೆ, ಅಮ್ಮ ದೇವರ ದೀಪ ಬೆಳಗುತ್ತಿದ್ದ ಹಾಗೆ. ಕಪ್ಪು ಕೊಳೆ ಹೋಗಿ ಅಕ್ಷರ ಒಂದೊಂದೇ ಬಂತು. ಮೊಣಕಾಲೂರಿ ಉಜ್ಜುತ್ತಿದ್ದ ಸಿರಿಯಾದ ಹುಡುಗಿ ಬೆರಳಲ್ಲಿ ಲೆಕ್ಕ ಹಾಕಿ, ‘ಟೀಚರ್, ಇವಳಿಗೆ ನನ್ನಷ್ಟೇ ವಯಸ್ಸು’ ಎಂದಳು. ನಾನು ಏನೂ ಹೇಳಲಿಲ್ಲ. ಅವಳು ಹುಣಸೆಹಣ್ಣಿನ ಕೈಯನ್ನು ಒರೆಸಿಕೊಳ್ಳದೆ ಪಕ್ಕದ ಕಲ್ಲಿಗೆ ಹೋದಳು.

ಮೋಆಬಿಟ್‌ಗೂ ಹೋಗಿ ಬನ್ನಿ. ಅಲ್ಲಿ ಮೊಹಮ್ಮದ್ ಹೆಲ್ಮಿ ಎಂಬ ಈಜಿಪ್ಟಿನ ವೈದ್ಯರಿದ್ದರು. 1922ರಲ್ಲಿ ಓದಲು ಬರ್ಲಿನ್‌ಗೆ ಬಂದವರು. ಆರ್ಯರಲ್ಲವೆಂದು ನಾಜಿಗಳು ಅವರನ್ನು ಆಸ್ಪತ್ರೆಯಿಂದ ತೆಗೆದರು. ಯುದ್ಧಕಾಲದಲ್ಲಿ ಅವರು ಅನಾ ಬೊರೋಸ್ ಎಂಬ ಯಹೂದಿ ಹುಡುಗಿಯನ್ನು ಊರಂಚಿನ ಬುಖ್‌ನಲ್ಲಿದ್ದ ತಮ್ಮ ಗುಡಿಸಲಿನಲ್ಲಿ ಬಚ್ಚಿಟ್ಟರು. ಅವಳ ಅಜ್ಜಿಯನ್ನು ಫ್ರೀಡಾ ಸ್ಟೂರ್ಮನ್ ಎಂಬ ಜರ್ಮನ್ ಮಹಿಳೆಯ ಮನೆಯಲ್ಲಿ ಇರಿಸಿದರು. ಅನಾ ಇಸ್ಲಾಂಗೆ ಸೇರಿದ್ದಾಳೆಂದು ಬರ್ಲಿನ್‌ನ ಇಸ್ಲಾಮಿಕ್ ಸಂಸ್ಥೆಯಿಂದ ಪತ್ರ ಮಾಡಿಸಿದರು. ಆ ಸಂಸ್ಥೆಯ ಮೇಲೆ ಕೂತಿದ್ದವರು ಹಿಟ್ಲರನ ಜೊತೆ ಕೈಜೋಡಿಸಿದ್ದ ಜೆರುಸಲೇಮಿನ ಮುಫ್ತಿ ಎಂಬುದನ್ನೂ ಮಗನಿಗೆ ಮುಚ್ಚಿಡಬೇಡ, ಎರಡೂ ನಿಜ. ಅನಾ, ಅಜ್ಜಿ, ತಾಯಿ, ಮಲತಂದೆ ನಾಲ್ವರೂ ಬದುಕಿದರು. ಯಹೂದಿಗಳ ಜೀವ ಉಳಿಸಿದವರಿಗೆ ಇಸ್ರೇಲಿನ ಹತ್ಯಾಕಾಂಡ ಸ್ಮಾರಕ ಸಂಸ್ಥೆ ಯಾದ್ ವಾಶೆಮ್ ಕೊಡುವ ಗೌರವ 2013ರಲ್ಲಿ ಹೆಲ್ಮಿಗೆ ಸಂದಿತು, ಅರಬರಲ್ಲಿ ಮೊದಲಿಗರು ಅವರು. ತೀರಿಕೊಂಡು 31 ವರ್ಷವಾಗಿತ್ತು.

ಪ್ರಶ್ನೆ: ಯಹೂದಿ ದ್ವೇಷ, ಮುಸ್ಲಿಂ ದ್ವೇಷ ಎರಡೂ ಬೇರೆ ಬೇರೆ ಇತಿಹಾಸದವು. ಒಟ್ಟಿಗೆ ಕಲಿಸಿದರೆ ಕಲಸುಮೇಲೋಗರ ಆಗುವುದಿಲ್ಲವೇ?
- ಇತಿಹಾಸ ಉಪನ್ಯಾಸಕಿ, ಕಲಬುರಗಿ

ಬೇರೆ ಬೇರೆಯೇ. ಆರು ದಶಲಕ್ಷ ಯಹೂದಿಗಳ ಕಗ್ಗೊಲೆಯನ್ನು ಇನ್ನೊಂದರ ಜೊತೆ ತಕ್ಕಡಿಗೆ ಹಾಕುವುದಕ್ಕೆ ನನ್ನ ಒಪ್ಪಿಗೆಯೂ ಇಲ್ಲ. ಆದರೆ ದ್ವೇಷಿಸುವವನು ಅವನ್ನು ಬೇರೆ ಇಡುವುದಿಲ್ಲ. 2019ರ ಅಕ್ಟೋಬರ್ 9, ಯೋಮ್ ಕಿಪ್ಪುರ್, ಯಹೂದಿಗಳಿಗೆ ವರ್ಷದ ಅತಿ ಪವಿತ್ರ ದಿನ. ಜರ್ಮನಿಯ ಹಾಲೆ ಊರಿನ ಸಿನಗಾಗ್‌ನಲ್ಲಿ 50ಕ್ಕೂ ಹೆಚ್ಚು ಜನ ಪ್ರಾರ್ಥನೆಯಲ್ಲಿದ್ದರು. ಬಂದೂಕುಧಾರಿಯೊಬ್ಬ ಬಾಗಿಲಿಗೆ ಗುಂಡು ಹಾರಿಸಿದ. ಮರದ ಬಾಗಿಲು ಮುರಿಯಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳನ್ನು ಕೊಂದು, ಅಲ್ಲಿಂದ ನೇರ ಹತ್ತಿರದ ತುರ್ಕಿ ಡೋನರ್ (ಕಬಾಬ್) ಅಂಗಡಿಗೆ ನುಗ್ಗಿ, ಊಟಕ್ಕೆ ಬಂದಿದ್ದ ಯುವಕನೊಬ್ಬನನ್ನು ಕೊಂದ. ಒಂದು ಸಿಗದಿದ್ದರೆ ಇನ್ನೊಂದು. ಆಮೇಲೆ ವ್ಯಾಪಾರ ನಿಂತು ಸೋತ ಆ ಅಂಗಡಿಯವರಿಗಾಗಿ ಜರ್ಮನಿಯ ಯಹೂದಿ ವಿದ್ಯಾರ್ಥಿ ಸಂಘಟನೆ ಹಣ ಕೂಡಿಸಿ ಕೊಟ್ಟಿತು.

ಕ್ರಾಯ್ಟ್ಸ್‌ಬರ್ಗ್‌ನಲ್ಲಿ ಯಹೂದಿ ದ್ವೇಷದ ವಿರುದ್ಧ ಪಾಠಗಳನ್ನು ರೂಪಿಸುವ ಒಂದು ಸಂಸ್ಥೆ ಇದೆ. ಅದನ್ನು ಕಟ್ಟಿದವರು ತುರ್ಕಿ ಮೂಲದ ಆಯ್ಜಾನ್ ದೆಮಿರೆಲ್ ಮತ್ತು ಅವರ ನೆರೆಹೊರೆಯವರು. 2003ರ ನವೆಂಬರ್‌ನಲ್ಲಿ ಇಸ್ತಾಂಬುಲ್‌ನ ಎರಡು ಸಿನಗಾಗ್‌ಗಳಿಗೆ ಬಾಂಬ್ ಇಟ್ಟಾಗ ಅವರು ಎದ್ದರು. ಅಂದು ಸತ್ತವರಲ್ಲಿ ಹೆಚ್ಚಿನವರು ದಾರಿಹೋಕ ಮುಸ್ಲಿಮರು. ಇಂಗ್ಲೆಂಡಿನಲ್ಲೂ ‘ಸ್ಟ್ಯಾಂಡ್ ಅಪ್’ ಎಂಬ ಕಾರ್ಯಕ್ರಮದಲ್ಲಿ ಯಹೂದಿ, ಮುಸ್ಲಿಂ ಯುವ ಬೋಧಕರು ಜೊತೆಯಾಗಿ ಶಾಲೆಗಳಿಗೆ ಹೋಗುತ್ತಾರೆ. ಎರಡು ಇತಿಹಾಸವನ್ನು ಎರಡಾಗಿಯೇ ಹೇಳಿ ಮೇಡಂ. ಹೇಳುವವರು ಮಾತ್ರ ಒಟ್ಟಿಗೆ ನಿಲ್ಲಲಿ.

ಪ್ರಶ್ನೆ: ಟೀಚರ್, ನಾನು ಪಿಯುಸಿ ಓದುತ್ತಿದ್ದೇನೆ. ಇದೆಲ್ಲ ಯುರೋಪಿನ ಕತೆ. ನಮ್ಮ ದೇಶದಲ್ಲಿ, ನಮ್ಮ ಮೈಸೂರಿನಲ್ಲಿ ಇದಕ್ಕೆ ಸಂಬಂಧಪಟ್ಟದ್ದು ಏನಾದರೂ ಇದೆಯಾ?
- ವಿದ್ಯಾರ್ಥಿನಿ, ಶ್ರೀರಂಗಪಟ್ಟಣ

ಇದೆ ಪುಟ್ಟಾ, ನಿನ್ನ ಊರಿನ ಕೋಟೆಯಿಂದಲೇ ಶುರುವಾಗುತ್ತದೆ. ಟಿಪ್ಪು ಸುಲ್ತಾನನ ವಂಶದವಳು ನೂರ್ ಇನಾಯತ್ ಖಾನ್. ಅವಳ ಮುತ್ತಜ್ಜ ಮೌಲಾ ಬಕ್ಷ್ ಮೈಸೂರು ಆಸ್ಥಾನದಲ್ಲಿ ಮನ್ನಣೆ ಪಡೆದ ಸಂಗೀತಗಾರ. ತಂದೆ ಸೂಫಿ, ವೀಣೆ ನುಡಿಸುತ್ತಿದ್ದವರು. ನೂರ್ 1914ರಲ್ಲಿ ಮಾಸ್ಕೋದಲ್ಲಿ ಹುಟ್ಟಿ ಪ್ಯಾರಿಸ್ ಬಳಿ ಬೆಳೆದಳು, ಮಕ್ಕಳ ಕತೆ ಬರೆಯುತ್ತಿದ್ದಳು. ಅಹಿಂಸೆ ನಂಬಿದ ಮನೆ ಅದು. ನಾಜಿಗಳು ಪ್ಯಾರಿಸ್ ಹಿಡಿದಾಗ ಅವಳೂ ತಮ್ಮನೂ ಕೈಕಟ್ಟಿ ಕೂರುವುದಿಲ್ಲವೆಂದು ನಿಶ್ಚಯಿಸಿದರು. 1943ರ ಜೂನ್‌ನಲ್ಲಿ ಬ್ರಿಟನ್ನಿನ ಗುಪ್ತ ವೈರ್‌ಲೆಸ್ ಆಪರೇಟರ್ ಆಗಿ ಶತ್ರುಗಳ ಕೈಲಿದ್ದ ಫ್ರಾನ್ಸಿಗೆ ಇಳಿದಳು. ಆ ಕೆಲಸಕ್ಕೆ ಅಲ್ಲಿಗೆ ಹೋದ ಮೊದಲ ಹೆಂಗಸು ಅವಳೇ. ಅಕ್ಟೋಬರ್‌ನಲ್ಲಿ ಸಿಕ್ಕಿಬಿದ್ದಳು. 1944ರ ಸೆಪ್ಟೆಂಬರ್ 13ರಂದು ನಾಜಿಗಳ ಡಾಖಾವ್ ಶಿಬಿರದಲ್ಲಿ ಅವಳನ್ನು ಗುಂಡಿಟ್ಟು ಕೊಂದರು. 1949ರಲ್ಲಿ ಬ್ರಿಟನ್ನಿನ ಶೌರ್ಯ ಪದಕ ಜಾರ್ಜ್ ಕ್ರಾಸ್ ಬಂತು. ಬರ್ಲಿನ್‌ನ ನನ್ನ ಮಕ್ಕಳಿಗೆ ಈ ಕತೆ ಹೇಳಿ, ಭೂಪಟದಲ್ಲಿ ಶ್ರೀರಂಗಪಟ್ಟಣ ತೋರಿಸುತ್ತಿದ್ದೆ. ಕಾವೇರಿಯ ನಡುವಿನ ಆ ಚುಕ್ಕೆಯನ್ನು ಹುಡುಕಲು ಜಗಳವಾಡುತ್ತಿದ್ದರು.

ಇನ್ನು ಕೋಲ್ಕತ್ತಾ. 1881ರಲ್ಲಿ ಯಹೂದಿಗಳು ಹೆಣ್ಣುಮಕ್ಕಳಿಗಾಗಿ ಕಟ್ಟಿದ ಜ್ಯೂಯಿಷ್ ಗರ್ಲ್ಸ್ ಸ್ಕೂಲ್ ಅಲ್ಲಿದೆ. ಊರಿನ ಯಹೂದಿಗಳು ಬಹುತೇಕ ಹೊರಟುಹೋದರು. ಇಂದು ಅಲ್ಲಿ ಓದುವವರಲ್ಲಿ ಹೆಚ್ಚಿನವರು ಮುಸ್ಲಿಂ ಹುಡುಗಿಯರು. ಮುಂಬೈನ ಬೈಕುಲ್ಲಾದ ಸರ್ ಜೇಕಬ್ ಸಸೂನ್ ಹೈಸ್ಕೂಲಿನಲ್ಲೂ ಹಾಗೆಯೇ. ಕೋಲ್ಕತ್ತಾದ ಸಿನಗಾಗ್‌ಗಳ ಬೀಗದ ಕೈ, ಕಸಗುಡಿಸುವಿಕೆ, ದೀಪ ಎಲ್ಲವನ್ನೂ ತಲೆಮಾರುಗಳಿಂದ ಮುಸ್ಲಿಂ ಕುಟುಂಬದವರು ನೋಡಿಕೊಂಡು ಬಂದಿದ್ದಾರೆ. ಅಲ್ಲಿ ಯಾರೂ ಕಾರ್ಯಕ್ರಮ ಮಾಡಲಿಲ್ಲ, ಹೆಸರಿಡಲಿಲ್ಲ. ಅವಕಾಶ ಸಿಕ್ಕರೆ ಹೋಗಿ ನೋಡು, ನನಗೂ ಬರೆದು ತಿಳಿಸು.

ಪ್ರಶ್ನೆ: ಕನ್ನಡದಲ್ಲಿ ಯಹೂದಿ ಅನ್ನಬೇಕೋ, ಯೆಹೂದ್ಯ ಅನ್ನಬೇಕೋ?
- ನಿವೃತ್ತ ಪೋಸ್ಟ್ ಮಾಸ್ಟರ್, ಧಾರವಾಡ

ಎರಡೂ ನಡೆಯುತ್ತದೆ ಸರ್. ಕನ್ನಡ ಬೈಬಲ್ಲಿನಲ್ಲಿ ಯೆಹೂದ್ಯ, ಪತ್ರಿಕೆಗಳಲ್ಲಿ ಯಹೂದಿ. ನನಗೆ ಚುಚ್ಚುವುದು ಮೂರನೆಯ ಪದ. ಮೀಟರ್ ಬಡ್ಡಿ ಸುಲಿಯುವವನಿಗೆ ನಮ್ಮಲ್ಲಿ ‘ಶೈಲಾಕ್’ ಅನ್ನುತ್ತಾರೆ, ತಲೆಬರಹದಲ್ಲೂ ಬರುತ್ತದೆ. ಒಂದು ಇಂಗ್ಲಿಷ್ ನಾಟಕದ ಯಹೂದಿ ಪಾತ್ರದ ಹೆಸರದು. ಮಧ್ಯಯುಗದ ಯುರೋಪಿನಲ್ಲಿ ಯಹೂದಿಗಳಿಗೆ ಭೂಮಿ ಹಿಡಿಯಲು, ಕಸುಬಿನ ಸಂಘಗಳಿಗೆ ಸೇರಲು ಬಹಳ ಕಡೆ ಬಿಡುತ್ತಿರಲಿಲ್ಲ. ಕ್ರೈಸ್ತರು ಬಡ್ಡಿ ತಿನ್ನಬಾರದೆಂದು ಚರ್ಚ್ ಹೇಳಿತ್ತು. ಹಾಗಾಗಿ ಸಾಲ ಕೊಡುವ ಕೆಲಸ ಕೆಲವು ಯಹೂದಿಗಳ ಪಾಲಿಗೆ ಬಂತು, ಆಮೇಲೆ ಅದೇ ಅವರ ಗುಣವೆಂದು ಬೈದರು. ಇಂಗ್ಲೆಂಡ್ ತನ್ನ ಯಹೂದಿಗಳನ್ನು 1290ರಲ್ಲೇ ಹೊರಹಾಕಿತ್ತು. ಆ ನಾಟಕ ಆಡಿದ ಹೊತ್ತಿಗೆ ನೋಡುಗರಲ್ಲಿ ಹೆಚ್ಚಿನವರು ಯಹೂದಿಯ ಮುಖ ಕಂಡವರೇ ಅಲ್ಲ. ನಮ್ಮ ಹೈಸ್ಕೂಲಿನಲ್ಲಿ ಆ ಪಾಠ ಓದಿದ ನಾನೂ ಕಂಡಿರಲಿಲ್ಲ. ಬರ್ಲಿನ್‌ಗೆ ಹೋಗಿ ಮೊದಲ ಯಹೂದಿ ನೆರೆಯವಳು ಬಾಗಿಲು ತಟ್ಟಿ ಸಕ್ಕರೆ ಡಬ್ಬಿ ಕೊಟ್ಟಾಗ ನನ್ನ ತಲೆಯಲ್ಲಿ ಮೊದಲು ಬಂದದ್ದು ಆ ಹೆಸರೇ. ಸುಲಿಯುವವನಿಗೆ ಬಡ್ಡಿಕೋರ ಎಂಬ ಪದ ನಮ್ಮಲ್ಲೇ ಇದೆ. ನನ್ನ ಅಂಕಣದಲ್ಲಿ ಆ ಇನ್ನೊಂದನ್ನು ಬಳಸಬೇಡಿ ಎಂದು ಸಂಪಾದಕರಿಗೆ ಹೇಳಿದ್ದೇನೆ, ಒಪ್ಪಿದ್ದಾರೆ.